ಹೂಗಾಲಿ

ಏಳು ದಿನ ಸೈಕಲ್ಲಿನಿಂದ ಇಳಿಯುವುದಿಲ್ಲವೆಂದು ಪಣ ತೊಟ್ಟ ಗಂಡನಿಗೆ ಅಮ್ಮಿಣಿ ಕೈಯಾರೆ ಕಟ್ಟಿಕೊಟ್ಟ ಮುಂದಿನ ಗಾಲಿ ಐದನೆಯ ಸಂಜೆ ಓಲಾಡತೊಡಗಿತು. ತಪ್ಪು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎಲ್ಲರ ಮೇಲೂ ಸಿಡುಕುತ್ತಿದ್ದಳು.

ಕಾಟ್ಟೂರಿನ ಕೊಯ್ಲಾದ ಗದ್ದೆಗೆ ಸುತ್ತ ಹಗ್ಗ ಕಟ್ಟಿ, ಟ್ಯೂಬ್‌ಲೈಟು ನೇತುಹಾಕಿ, ಒಳಗೆ ಅವಳ ಗಂಡ ದಿವಾಕರನ್ ಸುತ್ತು ಹಾಕುತ್ತಿದ್ದ. ಕಾಲು ನೆಲಕ್ಕೆ ತಾಗಕೂಡದು, ಇನ್ನೊಬ್ಬರು ಸೈಕಲ್ಲಿಗೆ ಆಸರೆ ಕೊಡಕೂಡದು. ಆಟದ ಕಟ್ಟಳೆ ಅಷ್ಟೇ. ಗಂಜಿ ಕುಡಿಯುವುದು, ಗಡ್ಡ ಹೆರೆಯುವುದು, ತಲೆಗೆ ನೀರು ಹೊಯ್ದುಕೊಳ್ಳುವುದು, ತೂಕಡಿಸುವುದು, ಎಲ್ಲ ಸೀಟಿನ ಮೇಲೆಯೇ. ಉಳಿದದ್ದಕ್ಕೆ ಮೂಲೆಯಲ್ಲಿ ತೆಂಗಿನ ಗರಿಯ ಮರೆ ಇತ್ತು. ಅದರ ವಿವರ ಬೇಡ.

ಗಾಲಿಯ ಕಡ್ಡಿಗಳನ್ನು ಎಲ್ಲರೂ ಕಟ್ಟುವ ರೀತಿ ಒಂದಿದೆ. ಒಂದನ್ನೊಂದು ಅಡ್ಡ ಹಾಯ್ದು ನೆಟ್ಟಗೆ ರಿಮ್ಮಿಗೆ ಹೋಗುತ್ತವೆ. ಅಮ್ಮಿಣಿ ಕಟ್ಟಿದ್ದು ಹೂಹೆಣಿಗೆ. ಎರಡೆರಡು ಕಡ್ಡಿಗಳು ನಡುದಾರಿಯಲ್ಲಿ ಒಂದಕ್ಕೊಂದು ಸುತ್ತಿಕೊಂಡು, ಆಮೇಲೆ ಬೇರೆಯಾಗಿ ರಿಮ್ಮು ಸೇರುತ್ತವೆ. ನಿಧಾನಕ್ಕೆ ತಿರುಗಿದರೆ ಗಾಲಿಯ ನಡುವೆ ಹೂವೊಂದು ಅರಳಿದ ಹಾಗೆ ಕಾಣುತ್ತದೆ. ಚೇರ್ಪಿನಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಅಪ್ಪನಿಂದ ಕಲಿತ ವಿದ್ಯೆ ಅದು. ಆಟದ ಮೈಕು ನಡೆಸುವ ಪಾಪ್ಪಚ್ಚನ್ ಮೊದಲ ಸಲ ಕಂಡಾಗ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದಿದ್ದ. ಆದರೂ ಮೊದಲ ಸಂಜೆ, ಗಾಲಿ ಕಟ್ಟಿದವಳು ಅಮ್ಮಿಣಿ ಎಂದು ಮೈಕಿನಲ್ಲಿ ಸಾರಿದ. ಜನ ಹಗ್ಗದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಗಾಲಿ ನೋಡಿದರು. ವರ್ಷಗಟ್ಟಲೆ ಊರೂರಲ್ಲಿ ಗಂಡನ ಆಟಕ್ಕೆ ಟವೆಲ್ಲು ಹಿಡಿದು ಚಿಲ್ಲರೆ ಎತ್ತಿದವಳನ್ನು ಅದುವರೆಗೆ ಯಾರೂ ತಿರುಗಿ ನೋಡಿರಲಿಲ್ಲ. ಅವಳಿಗೆ ಖುಷಿಯಾಯಿತು, ಬಹಳವೇ ಆಯಿತು.

ಆದರೆ ಹೆಣೆದ ಕಡ್ಡಿ ಓಡಿದ ಹಾಗೆ ಒಂದಕ್ಕೊಂದು ಒತ್ತಿ ಸಡಿಲವಾಗುತ್ತದೆ. ಎರಡು ದಿನ ಓಡಿಸಿ, ಗಾಲಿ ಕಳಚಿ ಮತ್ತೆ ಬಿಗಿಯಬೇಕು. ಅಪ್ಪನ ಅಂಗಡಿಯಲ್ಲಿ ಗಿರಾಕಿಗಳು ಮೂರನೆಯ ದಿನ ತಾವೇ ಬರುತ್ತಿದ್ದರು. ಅದೇ ಲೆಕ್ಕದಲ್ಲಿ ಮೂರನೆಯ ದಿನ ಬಿಗಿದರಾಯಿತೆಂದುಕೊಂಡಿದ್ದಳು ಅಮ್ಮಿಣಿ. ಈ ಗಿರಾಕಿ ಇಳಿಯುವವನೇ ಅಲ್ಲವೆಂದು ಹೊಳೆದದ್ದು ಮೂರನೆಯ ದಿನ ಗಂಜಿಯ ಪಾತ್ರೆ ತೊಳೆಯುವಾಗ.

ಈಗ ಒಂದು ಕಡ್ಡಿ ಟಣ್ಣೆಂದು ಮುರಿಯಿತು. ಅದನ್ನು ತಬ್ಬಿಕೊಂಡಿದ್ದ ಜೋಡಿ ಕಡ್ಡಿಯೂ ಸಡಿಲಾಯಿತು.

ಪಾಪ್ಪಚ್ಚನ್ ಹತ್ತಿರ ಬಂದ. "ಮರೆಯೊಳಗೆ ಹೋಗಿ ಒಂದ್ಗಳಿಗೆ ಇಳೀಲಿ ಅಮ್ಮಿಣಿ. ನಾನು ಜೋರಾಗಿ ಹಾಡು ಹಾಕ್ತೀನಿ. ಮೀಸೆ ಮಣ್ಣಾಗಿದ್ದು ಯಾರಿಗೆ ಕಾಣತ್ತೆ?"

ದಿವಾಕರನ್ ಎದುರು ಬಂದಾಗ ಅವಳು ಅದನ್ನೇ ಹೇಳಿದಳು. ಅವನು ದಾಟಿ ಹೋದ. ಇನ್ನೊಂದು ಸುತ್ತು ಬಂದು, "ನನಗೆ ಕಾಣತ್ತಲ್ಲ," ಎಂದ. ಅದರ ಮುಂದಿನ ಸುತ್ತಿನಲ್ಲಿ, "ಬೇರೆ ಗಾಲಿ ತಾ. ಮುಂದುಗಡೆ ಎತ್ತಿ ಹಿಡೀತೀನಿ," ಎಂದ.

ಮೀನು ಮಾರುವ ಸೈದಲವಿ ಆಟ ನೋಡುತ್ತ ನಿಂತಿದ್ದ. ತನ್ನ ಸೈಕಲ್ಲಿನ ಗಾಲಿ ಬಿಚ್ಚಿಕೊಟ್ಟು, "ತಗೊಳ್ಳಿ ಚೇಚಿ. ನಾಳೆಯಿಂದ ನಿಮ್ಮ ಗಂಡನ ಹಿಂದೆ ಊರಿನ ಬೆಕ್ಕೆಲ್ಲಾ ಬರ್ತವೆ ಅಷ್ಟೇ," ಎಂದ.

ದಿವಾಕರನ್ ಹ್ಯಾಂಡಲ್ಲನ್ನು ಎದೆಗೆಳೆದು ಮುಂಭಾಗವನ್ನು ಮೇಲೆತ್ತಿದ. ಹಿಂದಿನ ಗಾಲಿಯ ಮೇಲೆ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ತುಳಿಯುತ್ತ ನಿಂತ. ಅಮ್ಮಿಣಿ ನಟ್ಟು ಸಡಿಲಿಸಿ ಹೂಗಾಲಿ ಕಳಚಿ ಮೀನಿನ ಗಾಲಿ ಸಿಕ್ಕಿಸಿದಳು. ಜನ ಉಸಿರು ಬಿಗಿಹಿಡಿದು ನೋಡಿ, ಆಮೇಲೆ ಶಿಳ್ಳೆ ಹೊಡೆದರು. ಎಲ್ಲರ ಬಾಯಲ್ಲೂ ದಿವಾಕರನ್ ಒಂಟಿ ಗಾಲಿಯಲ್ಲಿ ನಿಂತ ಮಾತೇ. ಹೂಗಾಲಿ ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಪಾಪ್ಪಚ್ಚನ್ ಮೈಕಿನಲ್ಲಿ ಅದರ ಸುದ್ದಿ ಎತ್ತುವುದನ್ನೇ ಬಿಟ್ಟ. ಅಮ್ಮಿಣಿಗೆ ಅಳು ಬಂತು. ಗಂಡ ಬೀಳಲಿಲ್ಲವಲ್ಲ ಎಂಬ ಸಮಾಧಾನ ಆ ಅಳುವನ್ನು ನಿಲ್ಲಿಸಲಿಲ್ಲ.

ಆಮೇಲಿನ ಎರಡು ದಿನ ಡೇರೆಯ ಹಿಂದೆ ಕೂತು ಮುರಿದ ಕಡ್ಡಿ ಬದಲಿಸಿದಳು, ಒಂದೊಂದೇ ಜೋಡಿಯನ್ನು ಬೆರಳಲ್ಲಿ ಮೀಟಿ ಬಿಗಿದಳು, ಬೆಂಡು ತೆಗೆದಳು. 

ಏಳನೆಯ ಸಂಜೆ ಇಳಿಯುವ ಹೊತ್ತು ಹತ್ತಿರವಾಯಿತು. ಹೂಮಾಲೆ ಬಂತು, ಚೆಂಡೆಯವರು ಬಂದರು. ದಿವಾಕರನ ಕಣ್ಣು ಊದಿಕೊಂಡಿತ್ತು. ಅಮ್ಮಿಣಿಯ ಎದುರು ಹಾಯುವಾಗ, "ಆಯ್ತಾ ನಿನ್ನ ಗಾಲಿ?" ಎಂದು ಕೇಳಿದ.

"ಆಯ್ತು. ಇಳಿದ್ಮೇಲೆ ನೋಡೋರಂತೆ."

ಒಂದು ಸುತ್ತು. "ತಗೊಂಡ್ ಬಾ."

"ಸುಮ್ನಿರಿ. ಕಾಲು ಹೇಗೆ ನಡುಗ್ತಿದೆ ನೋಡ್ಕೊಳ್ಳಿ."

ಮತ್ತೊಂದು ಸುತ್ತು. ಅವಳ ಮುಂದೆಯೇ ಸೈಕಲ್ಲಿನ ಮೂತಿ ಎತ್ತಿ ಹಿಂಗಾಲಿಯ ಮೇಲೆ ನಿಂತುಬಿಟ್ಟ.

"ದಿವಾಕರೇಟ್ಟಾ, ಕೆಳಗಿಳಿಸಿ. ಈಗ ಬಿದ್ರೆ ಏಳು ದಿನಾನೂ ನೀರಲ್ಲಿ ಹೋಮ ಮಾಡಿದ ಹಾಗೆ."

"ಗೊತ್ತು. ಬೇಗ ಬಿಚ್ಚು."

ಅವಳಿಗೆ ಕೆಟ್ಟ ಸಿಟ್ಟು ಬಂತು. ಬೈಯಲು ಹೊತ್ತಿರಲಿಲ್ಲ. ಸ್ಪ್ಯಾನರ್ ತಿರುಗಿಸಿ ಮೀನಿನ ಗಾಲಿ ಎಳೆದು ಬಿಸಾಡಿ ಹೂಗಾಲಿ ಎತ್ತುವಷ್ಟರಲ್ಲಿ ಅವನ ಕೈ ಸೋತಿತು. ಗಾಲಿ ಕೂರುವ ಕಬ್ಬಿಣದ ಕವಲು ಬರಿದಾಗಿ ನೆಲದತ್ತ ಇಳಿಯತೊಡಗಿತು. ಹೆಗಲು ಕೊಟ್ಟರೆ ಸೈಕಲ್ಲು ಉಳಿಯುತ್ತಿತ್ತು, ಆದರೆ ಪಣ ಮುರಿಯುತ್ತಿತ್ತು. ಅಮ್ಮಿಣಿ ಹೆಗಲು ಕೊಡಲಿಲ್ಲ. ಮಂಡಿಯೂರಿ ಗಾಲಿಯನ್ನು ಕವಲಿನ ಕೆಳಕ್ಕೆ ನೂಕಿ ಹಿಡಿದಳು. ಕವಲು ಬಂದು ಅಚ್ಚಿನ ಮೇಲೆ ಕೂತಿತು.

ನಟ್ಟು ಬಿಗಿಯಲು ಅವನು ನಿಲ್ಲುವ ಹಾಗಿರಲಿಲ್ಲ. ಆ ಸುತ್ತಿನುದ್ದಕ್ಕೂ ಅವಳು ಪಕ್ಕದಲ್ಲಿ ಬಗ್ಗಿ ನಡೆಯುತ್ತ ಒಂದು ಬದಿಯ ನಟ್ಟು ತಿರುಗಿಸಿದಳು, ಆಚೆಗೆ ಓಡಿ ಇನ್ನೊಂದು ಬದಿಯದನ್ನು ತಿರುಗಿಸಿದಳು. ಜನ ನಗುತ್ತಿದ್ದರು. ಗಾಲಿ ಕೂದಲೆಳೆಯಷ್ಟೂ ಓಲಾಡದೆ ತಿರುಗಿತು.

ಚೆಂಡೆ ಶುರುವಾಯಿತು. "ಹೊತ್ತು ಮುಗೀತು ದಿವಾಕರಾ, ಇನ್ನು ಇಳಿ," ಎಂದು ಪಾಪ್ಪಚ್ಚನ್ ಮೈಕಿನಲ್ಲಿ ಕರೆದ.

"ಗಾಲಿ ಈಗ ತಾನೇ ಹಾಕಿದ್ದು," ಎಂದ ದಿವಾಕರನ್. "ಜನ ಒಂದಿಷ್ಟು ನೋಡ್ಲಿ."

ಹೂಮಾಲೆ ಹಿಡಿದವರು ಕಾದು ನಿಂತರು. ಅವನು ಇನ್ನೊಂದು ಸುತ್ತು ಹೊರಟ.