ಹಸಿರು ವೈರು

ಗೋಡೆಯ ಮೇಲೆ ಹೊಸ ಥರ್ಮೋಸ್ಟಾಟ್ ಬಂದು ಕೂತು ಮೂರು ದಿನವಾಗಿತ್ತು. ಅಂಗೈಯಗಲದ ಕಪ್ಪು ಗಾಜಿನ ಬಿಲ್ಲೆ. ಹತ್ತಿರ ಹೋದರೆ ತಾನಾಗಿಯೇ ಬೆಳಗುತ್ತಿತ್ತು. ಮನೆ ಎಷ್ಟು ತಂಪಾಗಿರಬೇಕೆಂದು ಫೋನಿನಿಂದಲೇ ಅದಕ್ಕೆ ಹೇಳಬಹುದಿತ್ತು. ಹೇಳಿದ್ದಕ್ಕೆಲ್ಲ ಅದು ಹೂಂಗುಟ್ಟುತ್ತಲೂ ಇತ್ತು. ಹಿತ್ತಲಲ್ಲಿ ಏಸಿಯ ಕಂಪ್ರೆಸರ್ ಗುರುಗುಡುತ್ತಿತ್ತು. ಆದರೆ ಕೋಣೆಗಳ ಚಾವಣಿಯಲ್ಲಿದ್ದ ಜಾಲರಿಗಳಿಂದ ಒಂದು ಉಸಿರಿನಷ್ಟೂ ಗಾಳಿ ಬರುತ್ತಿರಲಿಲ್ಲ.

ಅದನ್ನು ಕೂರಿಸಿದವನು ವೈರಣ್ಣ. ಅದು ಅವನ ಹೆಸರಲ್ಲ. ಕಾರ್ಖಾನೆಯೊಂದರಲ್ಲಿ ನಲವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಂಟಿದ್ದು. ಈಗ ಮಗಳ ಮನೆಯಲ್ಲಿದ್ದ. "ಕಂಪನಿಯವರನ್ನು ಕರೆಸೋಣ ಮಾವ" ಎಂದು ಅಳಿಯ ಹೇಳಿದಾಗ, "ನಾಲ್ಕು ವೈರು ಹಾಕೋಕೆ ಕಂಪನಿಯವರು ಬೇಕಾ?" ಎಂದು ನಕ್ಕಿದ್ದ. ಡಬ್ಬಿಯ ಜೊತೆ ಬಂದಿದ್ದ ಚಿತ್ರದ ಹಾಳೆಯ ಮಡಿಕೆಯನ್ನೂ ಬಿಡಿಸಿರಲಿಲ್ಲ.

ಬರೀ ಜಾಲರಿಗಳಿಗೆ ಗಾಳಿ ತಳ್ಳುವ ಫ್ಯಾನ್ ನಿಂತಿದ್ದರೆ ಅವನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೋದ ತಿಂಗಳು ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಹೋದವನು ಹಾಲನ್ನು ಮರೆತೇಬಿಟ್ಟಿದ್ದ. ಮಗಳು ಕೆಲಸ ಮುಗಿಸಿ ಬಂದಾಗ ಮನೆ ತುಂಬ ಹೊಗೆ, ಪಾತ್ರೆ ಇದ್ದಿಲು. ಅಂದಿನಿಂದ ಅವಳು ಆಫೀಸಿನಿಂದ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದಳು. ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರವೊಂದಕ್ಕೆ ಹೋಗಿ ವಿಚಾರಿಸಿಕೊಂಡೂ ಬಂದಿದ್ದಳು. ಜಾಲರಿಗಳು ಸುಮ್ಮನಾದ ದಿನ ಊಟಕ್ಕೆ ಕೂತಾಗ, "ಸೋಮವಾರದಿಂದ ಅಲ್ಲಿಗೆ ಹೋಗ್ತೀಯಾ ಅಪ್ಪಾ? ನಾನೇ ಬಿಟ್ಟು ಬರ್ತೀನಿ" ಅಂದಳು. ಗದರಿ ಹೇಳಿದ್ದರೆ ಅವನೂ ಗದರಬಹುದಿತ್ತು. ಅವಳು ಅವನ ತಟ್ಟೆಗೆ ಬಡಿಸುತ್ತ, ಮುಖ ನೋಡದೆ, ಮೆಲ್ಲಗೆ ಕೇಳಿದ್ದಳು.

ಆ ಮೂರು ದಿನ ವೈರಣ್ಣ ತನ್ನನ್ನೇ ಪರೀಕ್ಷೆ ಮಾಡಿಕೊಂಡ. ಕಾರ್ಖಾನೆಯ ಹದಿನಾಲ್ಕು ಮೋಟಾರುಗಳು ಯಾವ ಯಾವ ಮೂಲೆಯಲ್ಲಿದ್ದವು ಎಂದು ಸಾಲಾಗಿ ಹೇಳಿಕೊಂಡ. ಎಲ್ಲ ನೆನಪಿತ್ತು. ಆದರೆ ನೆನಪಿರುವುದು ತಾನೆ ನೆನಪಿಗೆ ಬರುವುದು; ಮರೆತುಹೋದದ್ದು ಮರೆತಿದೆಯೆಂದು ಗೊತ್ತಾಗುವ ಬಗೆ ಯಾವುದು?

ಶನಿವಾರ ಬೆಳಗ್ಗೆ ಅವನು ಮತ್ತೆ ಫ್ಯಾನಿನ ಬೆನ್ನು ಹತ್ತಿದ. ಫಿಲ್ಟರ್ ಕಳಚಿ ಬೆಳಕಿಗೆ ಹಿಡಿದ, ಶುಚಿಯಾಗಿತ್ತು. ಮೇನ್ ಬೋರ್ಡಿನ ಸ್ವಿಚ್ಚುಗಳನ್ನು ಇಳಿಸಿ ಏರಿಸಿದ. ಥರ್ಮೋಸ್ಟಾಟಿನಲ್ಲಿ ಫ್ಯಾನ್ 'ಆಟೋ' ಎಂದಿದ್ದುದನ್ನು 'ಆನ್' ಮಾಡಿದ. ಸಹಾಯವಾಣಿಗೆ ಫೋನ್ ಮಾಡಿದರೆ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್" ಅಂದಳು ಆ ಕಡೆಯವಳು.

"ಮೂರು ದಿನದಿಂದ ನಾನು ಮಾಡ್ತಿರೋದು ಅದನ್ನೇ ತಾಯಿ."

ಅಷ್ಟರಲ್ಲಿ ನಡುಮನೆಯ ಕಪಾಟಿನಿಂದ ನೀರು ತೊಟ್ಟಿಕ್ಕತೊಡಗಿತು. ತಂಪು ಮಾಡುವ ಯಂತ್ರ, ಫ್ಯಾನು ಎಲ್ಲ ಇದ್ದದ್ದು ಆ ಕಪಾಟಿನೊಳಗೇ. ಮಗಳು ಬಕೆಟ್ ಇಟ್ಟು ಮೆಕ್ಯಾನಿಕ್ಕಿಗೆ ಫೋನ್ ಮಾಡಿದಳು.

ಬಂದವಳು ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬೂಟು ಹೊರಗೆ ಬಿಟ್ಟು, ಸಾಕ್ಸು ತೂತಾಗಿದ್ದಕ್ಕೆ ಒಂದಿಷ್ಟೂ ನಾಚದೆ ಒಳಗೆ ಬಂದಳು. ಮಗಳು ಬಾಗಿಲಲ್ಲೇ ಪಿಸುಗುಟ್ಟಿದಳು: "ಥರ್ಮೋಸ್ಟಾಟ್ ನಮ್ಮಪ್ಪ ಹಾಕಿದ್ದು. ಈಚೆಗೆ ಅವರಿಗೆ ಸ್ವಲ್ಪ ಮರೆವು. ಏನೂ ಅನ್ನಬೇಡಿ."

ವೈರಣ್ಣನ ಕಿವಿ ಚುರುಕಾಗಿಯೇ ಇತ್ತು. ಅವನು ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

ಮೆಕ್ಯಾನಿಕ್ ಕಪಾಟು ತೆರೆದು ತಗಡಿನ ಮುಚ್ಚಳ ಬಿಚ್ಚಿದಳು. ಒಳಗೆ ಕೊಳವೆಗಳ ಮೇಲೆಲ್ಲ ಬೆರಳುದಪ್ಪದ ಮಂಜು ಕಟ್ಟಿತ್ತು.

"ಅಬ್ಬಾ!" ಎಂದ ಅಳಿಯ ಹಿಂದಿನಿಂದ ಇಣುಕಿ. "ಮಾವ, ಮನೆಯಲ್ಲೇ ಐಸ್ ಅಂಗಡಿ ಇಟ್ಟಿದ್ದೀರಿ, ನಮಗೆ ಹೇಳಲೇ ಇಲ್ಲ!"

ಬೇರೆ ದಿನವಾಗಿದ್ದರೆ ವೈರಣ್ಣ ಅದಕ್ಕೊಂದು ಎದುರು ಮಾತು ಒಗೆಯುತ್ತಿದ್ದ. ಇವತ್ತು ಫಿಲ್ಟರನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದ.

"ಕಂಪ್ರೆಸರ್ ಓಡ್ತಿದೆ, ಫ್ಯಾನ್ ಓಡ್ತಿಲ್ಲ. ತಂಪಿಗೆ ಹೊರಗೆ ಹೋಗೋಕೆ ದಾರಿಯಿಲ್ಲದೆ ಇಲ್ಲೇ ಹೆಪ್ಪುಗಟ್ಟಿದೆ" ಅಂದಳು ಮೆಕ್ಯಾನಿಕ್. "ಮೊದಲು ಫ್ಯಾನ್ ಕೆಟ್ಟಿದೆಯಾ ನೋಡೋಣ. ಯಜಮಾನ್ರೇ, ಈ ಟಾರ್ಚ್ ಸ್ವಲ್ಪ ಹಿಡೀತೀರಾ?"

"ಕೊಡಿ, ನಾನು ಹಿಡೀತೀನಿ" ಎಂದು ಮಗಳು ಕೈ ಚಾಚಿದಳು.

"ಅವರೇ ಹಿಡೀಲಿ ಬಿಡಮ್ಮ. ಬೆಳಕು ಎಲ್ಲಿ ಬೇಕು ಅಂತ ಅವರಿಗೆ ಗೊತ್ತಿರುತ್ತೆ."

ವೈರಣ್ಣ ಫಿಲ್ಟರನ್ನು ಕೆಳಗಿಟ್ಟು ಟಾರ್ಚ್ ತೆಗೆದುಕೊಂಡ. ಅವಳ ಕೈ ಮುಂದಿನ ಸ್ಕ್ರೂಗೆ ಹೋಗುವ ಮೊದಲೇ ಬೆಳಕು ಅಲ್ಲಿಗೆ ಹೋಗಿರುತ್ತಿತ್ತು. ಅವಳು ಅದನ್ನು ಗಮನಿಸಿದಳು. ಕಂಪ್ರೆಸರನ್ನು ಆಫ್ ಮಾಡಿ, ಒಳಗಿನ ಪುಟ್ಟ ಬೋರ್ಡಿನ ಎರಡು ಸ್ಕ್ರೂಗಳ ನಡುವೆ ಗೇಣುದ್ದದ ವೈರೊಂದನ್ನು ತಾಗಿಸಿದಳು. ಫ್ಯಾನ್ ಬರ್ರನೆ ತಿರುಗಿತು.

"ಫ್ಯಾನ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಹಾಗಾದ್ರೆ ತಪ್ಪಿರೋದು ಗೋಡೆಯಲ್ಲಿ."

ಗೋಡೆಯಲ್ಲಿ ಅಂದರೆ ತನ್ನ ಕೈಯಲ್ಲಿ. ವೈರಣ್ಣ ಟಾರ್ಚ್ ಹಿಡಿದು ಅವಳ ಹಿಂದೆಯೇ ಗೋಡೆಯ ಹತ್ತಿರ ಹೋದ.

ಅವಳು ಗಾಜಿನ ಬಿಲ್ಲೆಯನ್ನು ಕಳಚಿದಳು. ಕೆಂಪು, ಹಳದಿ, ನೀಲಿ ವೈರುಗಳು ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಹಸಿರು ಮಾತ್ರ ಅತ್ತ ತಿರುಗಿ, ಹಿಂದಿನ ತಗಡಿನ ಪೆಟ್ಟಿಗೆಯ ಸ್ಕ್ರೂಗೆ ಸುತ್ತಿಕೊಂಡು ಬಿಗಿಯಾಗಿ ಕೂತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಇದನ್ನ ಯಾಕೆ ಇಲ್ಲಿಗೆ ಹಾಕಿದ್ರಿ?"

"ಹಸಿರಲ್ವಾ? ಅರ್ಥ್ ವೈರು, ನೆಲಕ್ಕೆ ಹೋಗಬೇಕಾದ್ದು" ಎಂದ ವೈರಣ್ಣ ಥಟ್ಟನೆ. "ಅದನ್ನ ಬೇರೆ ಎಲ್ಲಾದ್ರೂ ಸಿಕ್ಕಿಸಿದ್ರೆ ನಮ್ಮ ಸೂಪರ್‌ವೈಸರ್ ಕೈ ಮುರಿದು ಕೈಗೆ ಕೊಡ್ತಿದ್ದ."

"ಹಳೇದನ್ನ ಬಿಚ್ಚುವಾಗ ಎಲ್ಲಿತ್ತು ಅಂತ ನೋಡಿದ್ರಾ?"

"ನೋಡಿದೆ. ಯಾವನೋ ಅರೆಬರೆ ಕಲಿತವನು ಅರ್ಥ್ ವೈರನ್ನ ತಪ್ಪು ಜಾಗಕ್ಕೆ ಹಾಕಿದಾನೆ ಅಂತ ಅವನಿಗೆ ಬೈದುಕೊಂಡೇ ಸರಿ ಮಾಡಿದೆ."

ಮೆಕ್ಯಾನಿಕ್ ಗೋಡೆಗೆ ಒರಗಿ ಮನಸಾರೆ ನಕ್ಕಳು. "ಯಜಮಾನ್ರೇ, ಮನೆ ಕರೆಂಟಿಗೆ, ಕಾರ್ಖಾನೆಗೆ ನೀವು ಹೇಳೋದು ನೂರಕ್ಕೆ ನೂರು ಸರಿ. ಇದು ಇಪ್ಪತ್ನಾಲ್ಕು ವೋಲ್ಟಿನ ಸಣ್ಣ ಕರೆಂಟು, ಇದರ ಬಣ್ಣದ ಪಾಠವೇ ಬೇರೆ. ಇಲ್ಲಿ ಹಳದಿ ಕಂಪ್ರೆಸರನ್ನ ಎಬ್ಬಿಸುತ್ತೆ, ಹಸಿರು ಫ್ಯಾನನ್ನ ಎಬ್ಬಿಸುತ್ತೆ. ಹಸಿರನ್ನ ನೀವು ಮೂಲೆಗೆ ಕೂರಿಸಿಬಿಟ್ಟಿರಿ."

ಆಮೇಲೆ ಅವಳು ಮಗಳ ಕಡೆ ತಿರುಗಿದಳು. "ಈ ತಪ್ಪನ್ನ ಇದುವರೆಗೆ ನಾಲ್ಕು ಮನೇಲಿ ನೋಡಿದೀನಿ ಅಮ್ಮ. ನಾಲ್ಕು ಕಡೇನೂ ಮಾಡಿದವರು ಹಳೇ ಎಲೆಕ್ಟ್ರಿಷಿಯನ್ನುಗಳೇ. ಏನೂ ಗೊತ್ತಿಲ್ಲದವರು ಚಿತ್ರ ನೋಡಿಕೊಂಡು ಸರಿಯಾಗಿ ಹಾಕ್ತಾರೆ. ಕಲಿತದ್ದನ್ನ ಮರೆತಿದ್ರೆ ಇವರೂ ಸರಿಯಾಗೇ ಹಾಕ್ತಿದ್ರು."

ಮಗಳು ಬಕೆಟ್ಟಿನತ್ತ ನೋಡಿದಳು. ಅವಳ ಕಿವಿ ಕೆಂಪಾಗಿತ್ತು.

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ವೈರಣ್ಣನ ಮುಂದೆ ಹಿಡಿದಳು. "ನೀವೇ ಹಾಕಿಬಿಡಿ. 'ಜಿ' ಅಂತ ಬರೆದಿದೆಯಲ್ಲ, ಅಲ್ಲಿಗೆ."

"ಕರೆಂಟ್ ಆಫ್ ಇದೆ ತಾನೆ?"

"ನೀವೇ ನೋಡ್ಕೊಂಡು ಬನ್ನಿ."

ಅವನು ಹೋಗಿ ಮೇನ್ ಬೋರ್ಡಿನ ಸ್ವಿಚ್ ಇಳಿಸಿ ಬಂದ. ಹಸಿರು ವೈರನ್ನು ಬಿಡಿಸಿ ಹೊಸ ಜಾಗದ ಹತ್ತಿರ ತಂದಾಗ ಬೆರಳು ಒಂದು ಕ್ಷಣ ತಡೆಯಿತು. ನಲವತ್ತೊಂದು ವರ್ಷದ ಬೆರಳು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಆಮೇಲೆ ಒಪ್ಪಿತು.

ಮಂಜು ಕರಗುವವರೆಗೆ ಎರಡು ಗಂಟೆ ಫ್ಯಾನ್ ಮಾತ್ರ ಓಡಲಿ, ಕಂಪ್ರೆಸರ್ ಬೇಡ ಎಂದು ಹೇಳಿ ಮೆಕ್ಯಾನಿಕ್ ಹೊರಟಳು. ಜಾಲರಿಗಳಿಂದ ಗಾಳಿ ಬೀಸುತ್ತಿತ್ತು. ಮಗಳು ನೆಲದ ನೀರು ಒರೆಸುತ್ತಿದ್ದಳು. ವೈರಣ್ಣ ಇನ್ನೊಂದು ಬಟ್ಟೆ ತಂದು ಆಚೆ ಕಡೆಯಿಂದ ಒರೆಸತೊಡಗಿದ.

"ಸೋಮವಾರ ಬೇಡ ಅಪ್ಪಾ" ಅಂದಳು ಅವಳು, ತಲೆ ಎತ್ತದೆ. "ಆ ಕೇಂದ್ರದವರಿಗೆ ಫೋನ್ ಮಾಡಿ ಹೇಳ್ತೀನಿ."

ಅವನು ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದ. "ವೈರು ಮರೆವಲ್ಲ. ಆದರೆ ಹಾಲು ಮರೆತದ್ದು ಮರೆತದ್ದೇ ಕಣಮ್ಮ. ಅದನ್ನ ಇದರ ಜೊತೆ ಸೇರಿಸಿ ತೊಳೆದುಬಿಡೋಕೆ ಆಗಲ್ಲ."

ಅವಳು ಈಗ ತಲೆ ಎತ್ತಿದಳು.

"ನೀವಿಲ್ಲದಾಗ ಒಲೆ ಹಚ್ಚಲ್ಲ. ಮತ್ತೆ ಒಂದು ದಿನ ಡಾಕ್ಟರ ಹತ್ರ ಹೋಗಿ ತೋರಿಸೋಣ. ಆದರೆ ಅವರು ಕೇಳಿದ್ದಕ್ಕೆ ನಾನೇ ಉತ್ತರ ಹೇಳಬೇಕು."

"ಆಯ್ತು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರ್ತೀನಿ. ಬಾಯೇ ಬಿಡಲ್ಲ."

"ನೀನು?"

"ಹೂಂ, ನಾನೇ."

"ಆ ದಿನ ರಜೆ ಹಾಕಿ ನಾನೂ ಬರ್ತೀನಿ" ಎಂದ ಅಳಿಯ ಒಳಗಿನ ಕೋಣೆಯಿಂದ. "ಮದುವೆಯಾಗಿ ಹನ್ನೆರಡು ವರ್ಷ ಆಯ್ತು, ಇವಳು ಬಾಯಿ ಬಿಡದೆ ಕೂತದ್ದೊಂದನ್ನ ನೋಡಿಲ್ಲ."