ತವರಿನ ಡಬ್ಬಿ

ನಮ್ಮತ್ತೆ ಮುನಿಗಂಗಮ್ಮನವರ ನಾಲಿಗೆಗೂ ‘ಹ’ಕಾರಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಮಹಡಿ ಮನೆಗೆ ಬಾಡಿಗೆಗೆ ಬಂದ ಇಥಿಯೋಪಿಯಾದ ಹುಡುಗಿ ತನ್ನ ಹೆಸರು ಹಿವೊತ್ ಎಂದಳು. ಅತ್ತೆಗೆ ಅದು ‘ಇವತ್ತು’ ಆಯಿತು. “ವೇದಾ, ಇವತ್ತು ಉಂಡ್ಲಾ? ಇವತ್ತು ಇನ್ನೂ ಬಂದಿಲ್ವಾ?” ಎಂದು ನನ್ನನ್ನು ಕೇಳುವರು. ನಾಲ್ಕು ವರ್ಷ ಜಕ್ಕೂರಿನ ನಮ್ಮ ಬೀದಿಗೆಲ್ಲ ಅವಳು ಇವತ್ತೇ.

ಅವಳು ಬಂದದ್ದು ರಾಗಿಯ ಮೇಲೆ ಪಿಎಚ್.ಡಿ. ಮಾಡಲು. ರಾಗಿ ಮೊದಲು ಬೆಳೆದದ್ದು ತಮ್ಮ ಕಡೆಯೇ ಎಂದು ಅತ್ತೆಯ ಎದುರಿಗೇ ಹೇಳಿಬಿಟ್ಟಳು. ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವಳು ಮುದ್ದೆಯನ್ನು ಅಗಿಯದೆ ನುಂಗಿದ್ದು ನೋಡಿ, “ಇದ್ರೂ ಇರಬೌದು ಕಣೆ” ಎಂದು ರಾಜಿಯಾದರು.

ನಾನು ಮದುವೆಯಾಗಿ ಬಂದದ್ದು ಇಲ್ಲೇ ವಿದ್ಯಾರಣ್ಯಪುರದಿಂದ. ಆದರೂ ಈ ಮನೆಗೆ ಒಗ್ಗಿಕೊಳ್ಳಲು ಐದು ವರ್ಷ ಹಿಡಿಯಿತು. ಸಮುದ್ರ ದಾಟಿ ಬಂದವಳು ಐದೇ ತಿಂಗಳಿಗೆ ಸೊಪ್ಪಿನ ಚನ್ನಕ್ಕನ ಹತ್ತಿರ, “ಇನ್ನೊಂದು ಕಟ್ಟು ಹಾಕಕ್ಕಾ” ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ಹೊಟ್ಟೆಕಿಚ್ಚಾಗುವಷ್ಟು ಮೆಚ್ಚಿಕೊಂಡಿದ್ದೆ ನಾನು ಅವಳನ್ನು.

ಅವಳು ತಪ್ಪು ಮಾಡಿದ್ದು ಒಂದೇ ಸಲ. ನಾವು ಸಾರು ಕೊಟ್ಟ ಪಾತ್ರೆಯನ್ನು ಫಳಫಳ ತೊಳೆದು ಖಾಲಿ ತಂದುಕೊಟ್ಟಳು. ಅತ್ತೆಯ ಮುಖ ಊದಿಕೊಂಡಿತು. “ಬರೀ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರೇನೇ? ಒಂದ್ ಚಿಟಿಕೆ ಸಕ್ಕರೆನಾದ್ರೂ ಆಕ್ಬೇಕು.” ಆಮೇಲೆ ನಮ್ಮ ಪಾತ್ರೆ ಎಂದೂ ಖಾಲಿ ಇಳಿಯಲಿಲ್ಲ. ಅವರೂರಿನ ಕಾಫಿಬೀಜ, ಹುರಿದ ಕಡಲೆ, ಏನೂ ಇಲ್ಲದ ದಿನ ಎರಡು ನಿಂಬೆಹಣ್ಣು.

ಓದು ಮುಗಿಯಿತು, ವೀಸಾ ಕೂಡ. ವೀಸಾ ಮತ್ತೆ ಸಿಗುವುದು ಖಾತ್ರಿಯಿಲ್ಲ ಎಂದಿದ್ದಳು. ಅತ್ತೆ ದಿನಕ್ಕೆರಡು ಸಲ, “ತಿರುಗ ಬತ್ತಾಳೇನೇ?” ಎಂದು ನನ್ನನ್ನೇ ಕೇಳುವರು. ಅವಳನ್ನು ಕೇಳಲು ಧೈರ್ಯವಿರಲಿಲ್ಲ.

ಆ ವಾರವೇ ಅತ್ತೆ, ಮದುವೆಯಲ್ಲಿ ತವರಿನಿಂದ ತಂದಿದ್ದ ಸ್ಟೀಲ್ ಡಬ್ಬಿಯಲ್ಲಿ ಬಸ್ಸಾರು ಕೊಟ್ಟಿದ್ದರು. ಮೈಮೇಲೆ ಅವರಪ್ಪನ ಹೆಸರು ಕೊರೆಸಿದ ಡಬ್ಬಿ ಅದು. ಬಿಸಿಗೆ ಮುಚ್ಚಳ ಕಚ್ಚಿಕೊಳ್ಳುತ್ತದೆಂದು ನಾನೇ ಮೇಲೊಂದು ತಟ್ಟೆ ಮುಚ್ಚಿ ಕಳಿಸಿದ್ದೆ. ಮಾರನೆಯ ದಿನ ಬಾಳೆಹಣ್ಣಿಟ್ಟ ತಟ್ಟೆ ಇಳಿದು ಬಂತು. ಡಬ್ಬಿ ಬರಲಿಲ್ಲ. ಅತ್ತೆ ಒಂಟಿ ಮುಚ್ಚಳವನ್ನು ಗೂಡಿನಲ್ಲಿ ಎತ್ತಿಟ್ಟರು. ನನಗೆ ಮಾತ್ರ ಒಳಗೊಳಗೇ ಕುದಿಯುತ್ತಿತ್ತು.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಿತು. ಬೀಗದಕೈ ಕೊಟ್ಟು ಅತ್ತೆಯ ಕಾಲಿಗೆ ಬಿದ್ದು ಎದ್ದವಳನ್ನು ನಾನು ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟೆ. “ನಮ್ಮತ್ತೆ ಡಬ್ಬಿ ಎಲ್ಲಮ್ಮಾ?”

“ಬ್ಯಾಗಲ್ಲಿದೆ ಅಕ್ಕಾ.”

ಅವಳು ಅತ್ತೆಯ ಕಡೆ ತಿರುಗಿದಳು. “ಖಾಲಿ ಡಬ್ಬಿ ಹೇಗ್ ಕೊಡ್ಲಿ ಅಜ್ಜೀ? ನೀವೇ ಹೇಳ್ಕೊಟ್ಟಿದ್ದು. ನಮ್ಮೂರ ರಾಗಿ ತುಂಬ್ಕೊಂಡು ಬರ್ತೀನಿ.”

ಅತ್ತೆ ತಟ್ಟನೆ ತಿರುಗಿ ಒಳಗೆ ಹೋಗಿಬಿಟ್ಟರು. ಹುಡುಗಿಯ ಮುಖ ಸಪ್ಪಗಾಯಿತು. ಡ್ರೈವರ್ ಹಾರ್ನ್ ಹೊಡೆದ. ಅವಳು ಬ್ಯಾಗಿನ ಜಿಪ್ ಎಳೆದು ಡಬ್ಬಿ ಹೊರಗೆ ತೆಗೆದಳು, ಕೊಟ್ಟೇ ಹೋಗೋಣವೆಂದು.

ಅಷ್ಟರಲ್ಲಿ ಅತ್ತೆ ಏನನ್ನೋ ಸೆರಗಿನಿಂದ ಒರೆಸುತ್ತ ಬಂದರು. ಅವಳ ಕೈಯಲ್ಲಿದ್ದ ಡಬ್ಬಿಗೆ ಅದನ್ನು ಒತ್ತಿ ಕೂರಿಸಿದರು.

“ಮುಚ್ಚಳ ಇಲ್ದೆ ಎಂಗೆ ತತ್ತೀಯೇ? ರಾಗಿ ದಾರೀಲೆಲ್ಲಾ ಚೆಲ್ಲೋಗಲ್ವಾ?”