ಶಿವಲಿಂಗಮ್ಮನ ನೆಗ್ಗು

"ಇದು ನಮ್ ಕಾರಲ್ಲ," ಎಂದ ಚೆಲುವಯ್ಯ.

ಅವನ ಅಂಗೈ ಇನ್ನೂ ಕಾರಿನ ಎಡಮಗ್ಗುಲ ಮೇಲೇ ಇತ್ತು. ಡಿಕ್ಕಿಯ ಅಂಚಿನಿಂದ ಹೊರಟು, ಹಿಂದಿನ ಚಕ್ರದ ಮೇಲಿನ ಉಬ್ಬು ದಾಟಿ, ಬಾಗಿಲವರೆಗೆ ಹೋಗಿ ಮತ್ತೆ ವಾಪಸು ಬಂದಿತ್ತು. ಹುಲ್ಲಿನಲ್ಲಿ ಬಿದ್ದ ಉಂಗುರ ಹುಡುಕುವವನ ಹಾಗೆ ತಡಕುತ್ತಿದ್ದ.

ಆರತಿ ತಟ್ಟೆ ಹಿಡಿದು ಬರುತ್ತಿದ್ದ ಹೆಂಡತಿ ಶಿವಲಿಂಗಮ್ಮ ಅಲ್ಲೇ ನಿಂತುಬಿಟ್ಟಳು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು. ಕನಕಪುರದಿಂದ ಕೋಡಿಹಳ್ಳಿಯವರೆಗೆ ತಾನೇ ಓಡಿಸಿಕೊಂಡು ಬಂದಿದ್ದ ಟಿಂಕರ್ ಮಕ್ಬೂಲ್, ಕಾಫಿ ಲೋಟ ಬಾಯಿಗೆ ಇಡಲು ಹೋದವನು ಹಾಗೇ ಕೆಳಗಿಟ್ಟ. ಮಗ ಬಾಲರಾಜು ಮಾತ್ರ ನಕ್ಕ.

"ನಿಂದೇ ಕಣಪ್ಪ. ಅದೇ ಪೈಲ್ವಾನ. ಅವ್ವ ಹೊಸ್ದಾಗಿ ಮಾಡುಸ್ಕಬಂದವ್ಳೆ."

"ಕಣ್ಣು ಹೋಗೈತೆ ಕಣ್ಲಾ, ಕೈ ಹೋಗಿಲ್ಲ," ಎಂದು ಚೆಲುವಯ್ಯ ಕೋಲು ಊರಿಕೊಂಡು ಜಗಲಿಯ ಕಡೆ ತಿರುಗಿದ. "ಯಾರ್ದೋ ಕಾರ್ ತಂದು ನಿಲ್ಸವ್ರೆ. ಕುರುಡ್ ನನ್ಮಗಂಗೆ ಏನ್ ಗೊತ್ತಾಯ್ತದೆ ಅಂತ."

ಅಯ್ಯೋ ಶಿವನೇ, ಇಷ್ಟು ದಿನದ ಓಡಾಟವೆಲ್ಲ ನೀರಿನಲ್ಲಿ ಹೋಮವಾಯಿತಲ್ಲ ಎಂದು ಶಿವಲಿಂಗಮ್ಮನಿಗೆ ಅಳುವೇ ಬಂತು.

ಆ ಕಾಂಟೆಸ್ಸಾ ಕಾರನ್ನು ಊರಿನವರು ಪೈಲ್ವಾನ ಎಂದೇ ಕರೆಯುತ್ತಿದ್ದರು. ಅಗಲ ಭುಜ, ಉದ್ದ ಮೂತಿ, ಗುಟುರು ಹಾಕುವ ಇಂಜಿನ್ನು. ರೇಷ್ಮೆಗೂಡಿಗೆ ಒಳ್ಳೆ ರೇಟು ಸಿಕ್ಕ ವರ್ಷ ಚೆಲುವಯ್ಯ ಅದನ್ನು ತಂದಾಗ ಜನ ನೋಡಲು ಬಂದದ್ದೇ ಬಂದದ್ದು. ಕುಂಕುಮದ ಬಣ್ಣ. ಆಮೇಲೆ ಕಾಲ ಸರಿದು, ಸಕ್ಕರೆ ಕಾಯಿಲೆ ಅವನ ಎರಡು ಕಣ್ಣನ್ನೂ ತಿಂದು ಹಾಕಿತು. ಅವನು ಮನೆ ಹಿಡಿದ, ಕಾರು ಶೆಡ್ಡು ಹಿಡಿಯಿತು. ಆದರೂ ದಿನಾ ಸಂಜೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋಗಿ, ಕಾರಿನ ಬಾಗಿಲು ತೆಗೆದು ಒಳಗೆ ಕೂರುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅದೂ ಡ್ರೈವರ್ ಸೀಟಿನಲ್ಲಲ್ಲ, ಅದರ ಪಕ್ಕದ ಸೀಟಿನಲ್ಲಿ. ಯಾಕೆಂದು ಶಿವಲಿಂಗಮ್ಮ ಕೇಳಿರಲಿಲ್ಲ. ಕೂತ ಹೊತ್ತು ಮಾತ್ರ ಅವನ ಮುಖ ಗೆಲುವಾಗಿರುತ್ತಿತ್ತು.

ಶೆಡ್ಡಿಗೆ ಒತ್ತಿಕೊಂಡೇ ದನದ ಕೊಟ್ಟಿಗೆ. ಗಂಜಳದ ತೇವ ಕಾರಿಗೆ ತಳದಿಂದಲೇ ತುಕ್ಕು ಹಿಡಿಸಿತು. ಒಂದು ದಿನ ಬಾಗಿಲ ಅಂಚಿನ ಕೊರಕಲು ತಗಡು ಚೆಲುವಯ್ಯನ ಅಂಗೈ ಸೀಳಿತು. ಸಕ್ಕರೆಯ ಮೈ, ಗಾಯ ಮಾಯುವ ಲಕ್ಷಣವೇ ಕಾಣಲಿಲ್ಲ. ಹಾರೋಹಳ್ಳಿಯಲ್ಲಿ ತಗಡು ಒತ್ತುವ ಫ್ಯಾಕ್ಟರಿಗೆ ಹೋಗುತ್ತಿದ್ದ ಬಾಲರಾಜು ಅವತ್ತೇ ಖಡಾಖಂಡಿತವಾಗಿ ಹೇಳಿದ:

"ಗುಜರಿಗೆ ಹಾಕ್ಬುಡವ್ವ. ನಮ್ ಫ್ಯಾಕ್ಟ್ರೀಲಿ ಕಣ್ಮುಚ್ಚಿ ಕಣ್ ಬುಡೋದ್ರೊಳ್ಗೆ ಒಂದ್ ಡೋರ್ ಬೀಳ್ತದೆ. ಈ ಹಳೇದ್ನ ತಟ್ಕಂಡು ಯಾರ್ ಕೂತವ್ರೆ?"

"ನಿಮ್ಮಪ್ಪ ಕೂತವ್ರಲ್ಲ," ಎಂದಳು ಶಿವಲಿಂಗಮ್ಮ. ಗಾಯ ಮಾಯ್ದ ಮೇಲೆ ಒಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ, ತಗಡು, ಇಂಜಿನ್ನು ಎರಡನ್ನೂ ಸರಿಮಾಡಿಸಲು ಕಾರನ್ನು ಮಕ್ಬೂಲನ ಅಂಗಡಿಗೆ ಎಳೆಸಿಯೇಬಿಟ್ಟಳು. ಮತ್ತೆ ಗಂಡನ ಕೈ ಕೊಯ್ಯಬಾರದು, ಅವನ ಸಂಜೆ ಅವನಿಗೆ ಉಳಿಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಕನಕಪುರದ ಸಂತೆಗೆ ಹೋದಾಗಲೆಲ್ಲ ಅಂಗಡಿಗೆ ಹೋಗಿ ನೋಡಿ ಬರುತ್ತಿದ್ದಳು. ಬಾಗಿಲ ಕೆಳಭಾಗ ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಕ್ಬೂಲ್ ಕೊಳೆತದ್ದನ್ನೆಲ್ಲ ಕತ್ತರಿಸಿ ಬಿಸಾಕಿ, ಹೊಸ ತಗಡನ್ನು ಹುಣಸೆ ದಿಮ್ಮಿಯ ಗುಣಿಯ ಮೇಲಿಟ್ಟು, ಮರದ ಸುತ್ತಿಗೆಯಿಂದ ಸಣ್ಣಗೆ ತಟ್ಟಿ ತಟ್ಟಿ ಉಬ್ಬು ಬರಿಸುತ್ತಿದ್ದ. ಈ ಕಾರಿನ ತಗಡು ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಬೆಸುಗೆ ಹಾಕಿ, ಉಜ್ಜಿ, ಆಮೇಲೆ ಅಂಗೈ ಕೆಳಗೆ ಒಂದು ತೆಳು ಬಟ್ಟೆ ಇಟ್ಟುಕೊಂಡು, ಕಣ್ಣು ಮುಚ್ಚಿ ಸವರುತ್ತಿದ್ದ.

"ಕಣ್ ಯಾಕ್ ಮುಚ್ತಿಯ ಮಕ್ಬೂಲಣ್ಣ?"

"ಕಣ್ ಮೋಸ ಮಾಡ್ತದೆ ಅಕ್ಕಯ್ಯ. ಬೆಳಕು ಬಿದ್ರೆ ಏರು ತಗ್ಗು ಎಲ್ಲ ಒಂದೇ ಥರ ಕಾಣ್ತದೆ. ಕೈ ಹಂಗಲ್ಲ."

ಹಿಂದಿನ ಚಕ್ರದ ಮೇಲಿನ ಭಾಗಕ್ಕೆ ಬಂದಾಗ ಅವನು ತಡೆದು ನಿಂತ. ಅಲ್ಲೊಂದು ಉದ್ದನೆಯ ನೆಗ್ಗು. ಸುತ್ತ ಎಲ್ಲ ತುಕ್ಕು, ನೆಗ್ಗು ಮಾತ್ರ ಬಣ್ಣ ಸವೆದು ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿತ್ತು.

"ಇದೊಂದ್ ಜಾಗಕ್ಕೆ ತುಕ್ಕೇ ಹತ್ತಿಲ್ಲ ನೋಡಿ. ತಗಡು ಗಟ್ಟಿಮುಟ್ಟಾಗೈತೆ. ಇದ್ನ ಯಾಕ್ ಕತ್ತರಿಸ್ಲಿ? ಯಾರೋ ದಿನಾ ಕೈ ಆಡ್ಸವ್ರೆ."

ಶಿವಲಿಂಗಮ್ಮ ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಅದನ್ನೇ ಮೊದ್ಲು ತೆಗೆದ್ಬುಡು. ಇತ್ತು ಅನ್ನೋದೂ ಗೊತ್ತಾಗ್ಬಾರ್ದು, ಹಂಗೆ ತೆಗಿ," ಎಂದಿದ್ದಳು.

ಅದು ಅವಳೇ ಮಾಡಿದ ನೆಗ್ಗು. ಬಾಲರಾಜು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ, ಚೆಲುವಯ್ಯನಿಗೆ ಹೆಂಡತಿಗೆ ಕಾರು ಕಲಿಸುವ ಹುಚ್ಚು ಹತ್ತಿತ್ತು. ಅದಕ್ಕೆ ಅವನು ಆರಿಸಿದ ಜಾಗ ಯಾವುದು ಅಂತೀರಿ? ರಾಗಿ ಒಕ್ಕುವ ಕಣ! ಚಪ್ಪಲಿ ಮೆಟ್ಟಿ ಕಾಲಿಡಬಾರದ ಕಣಕ್ಕೆ ಕಾರು ಹತ್ತಿಸಿದನೆಂದು ಅತ್ತೆ ಗಂಗಲಕ್ಷ್ಮಮ್ಮ ಬಾಯಿ ಬಾಯಿ ಬಡಿದುಕೊಂಡಿದ್ದರು. ಪಕ್ಕದ ಸೀಟಿನಲ್ಲಿ ಅವನನ್ನು ಕೂರಿಸಿಕೊಂಡು ಶಿವಲಿಂಗಮ್ಮ ಹೆದರುತ್ತಾ ಹಿಂದಕ್ಕೆ ಬಿಟ್ಟವಳು, ಸ್ಟೇರಿಂಗನ್ನು ಯಾವ ಕಡೆಗೋ ತಿರುಗಿಸಿ, ಕಣದ ನಡುವೆ ನೆಟ್ಟಿದ್ದ ಮೇಟಿಗೆ ಹೋಗಿ ಗುದ್ದಿದಳು. ಎತ್ತುಗಳನ್ನು ಕಟ್ಟಿ ಸುತ್ತು ತಿರುಗಿಸುವ, ಪ್ರತಿವರ್ಷ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವ ಕಂಬ ಅದು. ಸುಗ್ಗಿಗೆ ಸೇರಿದ್ದ ಊರೆಲ್ಲ ಹೋ ಎಂದು ನಕ್ಕಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇಳಿದು ಓಡಿದಳು. ಮತ್ತೆ ಆ ಸೀಟಿನ ಮೇಲೆ ಕೂರಲಿಲ್ಲ.

ಚೆಲುವಯ್ಯ ಆ ನೆಗ್ಗನ್ನು ರಿಪೇರಿ ಮಾಡಿಸಲೇ ಇಲ್ಲ. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ, "ಇದು ನಮ್ ಮನೇವ್ಳ ಲೈಸೆನ್ಸು," ಎನ್ನುತ್ತಿದ್ದ. ಅವರು ನಗುತ್ತಿದ್ದರು, ಒಳಗೆ ಅಡುಗೆಮನೆಯಲ್ಲಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಹೇಗಿದ್ದರೂ ಸುತ್ತಲ ತಗಡೆಲ್ಲ ಬದಲಾಗುತ್ತಿದೆ, ಪೀಡೆ ತೊಲಗಲಿ ಎಂದು ಅವಳು ಅಂದುಕೊಂಡದ್ದರಲ್ಲಿ ತಪ್ಪೇನು?

ಈಗ ಅವಳು ಆರತಿ ತಟ್ಟೆ ಹಿಡಿದುಕೊಂಡೇ ಜಗಲಿಯ ಬಳಿಗೆ ಬಂದಳು.

"ಕಾರು ನಿಮ್ದೇ. ಆ ನೆಗ್ಗು ತೆಗಿಯಕ್ಕೆ ನಾನೇ ಹೇಳ್ದೆ."

ಚೆಲುವಯ್ಯನ ಮುಖ ಅವಳ ದನಿಯ ಕಡೆ ತಿರುಗಿತು. "ನೀನೇ ಹೇಳ್ದ್ಯಾ?"

"ಹೂಂ, ನಾನೇ! ಬಂದೋರ್ಗೆಲ್ಲ ತೋರ್ಸಿ ನಗಾಡಕ್ಕೆ ಮಡಿಕಂಡಿದ್ರಲ್ಲ. ನಂಗೆ ಮಾನ ಮರ್ವಾದೆ ಇಲ್ವಾ? ಎಷ್ಟ್ ವರ್ಷ ನುಂಗ್ಕಂಡಿರ್ಲಿ?"

ತಟ್ಟೆಯ ದೀಪ ಗಾಳಿಗೆ ಆರಿಹೋಯಿತು. ಮಕ್ಬೂಲ್ ಮುಖ ತಿರುಗಿಸಿಕೊಂಡ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಯಾಕೆ ಎಂದು ಬಾಲರಾಜು ಎರಡು ಹೆಜ್ಜೆ ಹಿಂದೆ ಸರಿದ.

"ನಗಾಡಕ್ಕಾ?" ಎಂದ ಚೆಲುವಯ್ಯ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅಲ್ಲ ಕಣಮ್ಮಿ, ಈ ಸುತ್ತು ಹಳ್ಳೀಲಿ ಅವಾಗ ಯಾವ್ ಹೆಂಗ್ಸು ಸ್ಟೇರಿಂಗ್ ಹಿಡ್ದಿದ್ಲು ಹೇಳು? ನಮ್ಮವ್ವ ಬೈತಾ ನಿಂತಿದ್ರೂ ನೀನು ಹತ್ತಿ ಕೂತ್ಯಲ್ಲ. ಜಂಬ ನಂಗೆ. ಅದ್ಕೆ ತೋರುಸ್ತಿದ್ದೆ. ಅವ್ರ್ ನಕ್ರೆ ನಾನೇನ್ ಮಾಡ್ಲಿ?"

ಶಿವಲಿಂಗಮ್ಮ ತಟ್ಟೆಯಲ್ಲಿ ಆರಿದ್ದ ಬತ್ತಿಯನ್ನು ಬೆರಳಿನಿಂದ ಒತ್ತಿದಳು.

"ಕಣ್ಣು ಹೋದ್ಮೇಲೆ ಗೋಡೆ ಬುಟ್ಟು ಕೈ ಚಾಚುದ್ರೆ ಮೊದ್ಲು ಅದೇ ಸಿಗೋದು. ಅದು ಸಿಕ್ರೆ ಬಾಗ್ಲೆಲ್ಲೈತೆ ಅಂತ ಗೊತ್ತಾಗೋದು." ಅವನು ಮೆಲ್ಲಗೆ ಹೇಳಿದ: "ನಿನ್ ಮೊಕ ನೋಡಿ ಎಷ್ಟ್ ದಿನ ಆಯ್ತು. ಅದ್ರ ಮೇಲೆ ಕೈ ಇಟ್ರೆ ಅವತ್ತಿನ ಮೊಕ ಕಣ್ಮುಂದೆ ಬರದು, ಹೆದರ್ಕಂಡು ನಾಲ್ಗೆ ಕಚ್ಕಂಡಿದ್ಯಲ್ಲ, ಅದು."

ಇಷ್ಟು ವರ್ಷ ಅವಳು ಅಪಹಾಸ್ಯವೆಂದು ತಿಳಿದು ನುಂಗಿಕೊಂಡಿದ್ದು ಪ್ರೀತಿಯಾಗಿತ್ತು. ಅದನ್ನು ಅವಳೇ ದುಂಬಾಲು ಬಿದ್ದು ಕತ್ತರಿಸಿ ಹಾಕಿಸಿದ್ದಳು. ತಾನೆಂಥ ಪೆದ್ದಿ ಎನಿಸಿತು.

ಮಕ್ಬೂಲ್ ಕೆಮ್ಮಿದ. "ಗೌಡ್ರೇ, ಹಳೇ ತುಂಡು ಗುಜರಿಗೆ ಹೋಗಾಯ್ತು. ಆದ್ರೆ ಸುತ್ತಿಗೆ ಗಾಡೀಲೇ ಐತೆ. ಎಲ್ಲಿತ್ತು ಅಂತ ನಂಗೆ ಚೆನ್ನಾಗಿ ಗ್ಯಾನ ಐತೆ. ಒಂದ್ ಏಟು ಹಾಕ್ಬುಡ್ತೀನಿ." ಹೀಗೆ ಹೇಳುವಾಗ ಅವನ ದನಿ ಸಣ್ಣಗಾಯಿತು. ಜೀವಮಾನದಲ್ಲಿ ನೆಗ್ಗು ತೆಗೆದವನೇ ಹೊರತು ಹಾಕಿದವನಲ್ಲ. ಅದೂ ಇಷ್ಟು ಚೆಂದ ಕೂತ ತಗಡಿನ ಮೇಲೆ.

"ಬ್ಯಾಡ ಸಾಬ್ರೇ," ಎಂದ ಚೆಲುವಯ್ಯ. "ನೀವು ಹಾಕುದ್ರೆ ಅದು ನಿಮ್ ನೆಗ್ಗಾಯ್ತದೆ. ಹೋಗ್ಲಿ ಬುಡಿ. ಬಾಲರಾಜು, ನೀನ್ ಹೇಳ್ದಂಗೇ ಮಾಡ್ಲಾ. ಯಾರ್ಗಾದ್ರೂ ಕೊಟ್ಬುಡು."

ಆ ಮಾತಿಗೆ ಶಿವಲಿಂಗಮ್ಮ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿದಳು. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ಮಕ್ಬೂಲಣ್ಣ, ಬೀಗದ್ ಕೈ ಕೊಡು."

"ಅಕ್ಕಯ್ಯ?"

"ಕೊಡಪ್ಪ ಅಂದ್ರೆ. ಬಾಲರಾಜು, ಕಣದಾಗೆ ಮೇಟಿಗೆ ಆಡು ಕಟ್ಟೈತೆ, ಬಿಚ್ಚಿ ಈ ಕಡೆ ಹಿಡ್ಕ."

"ನಿಂಗೆ ತಲೆಗಿಲೆ ಕೆಟ್ಟೈತೇನವ್ವ!" ಎಂದು ಬಾಲರಾಜು ಕೂಗಿದ. ಆದರೆ ಅವ್ವನ ಮುಖ ನೋಡಿ, ಗೊಣಗುತ್ತಲೇ ಹೋಗಿ ಆಡು ಬಿಚ್ಚಿದ. ಈಗ ಆ ಕಣದಲ್ಲಿ ಒಕ್ಕಣೆ ಇಲ್ಲ. ಊರವರೆಲ್ಲ ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿಗಳೇ ಒಕ್ಕಿಕೊಡುತ್ತವೆ. ಕಣದ ತುಂಬ ಗರಿಕೆ ಹಬ್ಬಿತ್ತು. ಮೇಟಿ ಮಾತ್ರ ಇದ್ದಲ್ಲೇ ಇತ್ತು.

ಚೆಲುವಯ್ಯನ ಕೈ ಹಿಡಿದು ಎಡಗಡೆ ಸೀಟಿನಲ್ಲಿ ಕೂರಿಸಿ, ಅವಳು ಚಪ್ಪಲಿ ಬಿಟ್ಟು ಸುತ್ತಿಕೊಂಡು ಬಂದು ಸ್ಟೇರಿಂಗ್ ಮುಂದೆ ಕೂತಳು. ಬೀಗದ ಕೈ ತಿರುಗಿಸಿ, ಗೇರಿನ ಮೇಲೆ ಕೈ ಇಟ್ಟಳು.

"ಎಲ್ಲಾ ಮರ್ತೋಗೈತೆ ಕಣ್ರೀ."

"ಎಡಗಾಲು ಒತ್ತು," ಎಂದ ಚೆಲುವಯ್ಯ. ಅವನ ಕೈ ಗೇರಿನ ಮೇಲಿದ್ದ ಅವಳ ಕೈಯನ್ನು ಹುಡುಕಿ ಹಿಡಿಯಿತು. ಒತ್ತಿ, ಎಳೆದು, ರಿವರ್ಸಿಗೆ ಕೂರಿಸಿತು. "ಈಗ ನಿಧಾನಕ್ ಬುಡು. ಹೆದರ್ಬ್ಯಾಡ. ಹೆದರುದ್ರೂ ಪರ್ವಾಗಿಲ್ಲ, ಅವತ್ತೂ ಹೆದರಿದ್ಯಲ್ಲ."

ಪೈಲ್ವಾನ ಗುಟುರು ಹಾಕಿ ಹಿಂದಕ್ಕೆ ನೆಗೆಯಿತು. ಮುಂದಕ್ಕೆ ಹೋಗಿ ತುಳಿಯಬೇಕಾದ ನಿಂಬೆಹಣ್ಣುಗಳನ್ನು ಹಿಂದಕ್ಕೆ ಹೋಗಿ ಜಜ್ಜಿತು. ಅಂಗಳ ದಾಟಿ ಕಣಕ್ಕೆ ಇಳಿದ ಕಾರು ಹಾವಿನ ಹಾಗೆ ಅಂಕುಡೊಂಕಾಗಿ ಹರಿಯುತ್ತಾ ಮೇಟಿಯತ್ತ ಸರಿಯಿತು. ಮಕ್ಬೂಲ್ "ಯಾ ಅಲ್ಲಾ" ಎಂದು ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡ.

ದಬ್ ಎಂದು ಸದ್ದಾಯಿತು. ಇಂಜಿನ್ನು ನಿಂತಿತು.

ಚೆಲುವಯ್ಯ ಬಾಗಿಲು ತೆಗೆದು ಇಳಿದ. ಕೋಲು ತೆಗೆದುಕೊಳ್ಳಲಿಲ್ಲ. ಕಾರಿನ ಮೈ ಹಿಡಿದುಕೊಂಡು ಹಿಂದಕ್ಕೆ ನಡೆದ. ಚಕ್ರದ ಮೇಲಿನ ಉಬ್ಬಿನ ಹತ್ತಿರ ಅವನ ಅಂಗೈ ತಗ್ಗಿಗೆ ಇಳಿದು ಅಲ್ಲೇ ನಿಂತಿತು. ಬೆರಳುಗಳು ಅಂಚನ್ನೆಲ್ಲ ಸವರಿದವು. ಶಿವಲಿಂಗಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು.

"ಮೊದ್ಲಿಂದು ಒಸಿ ಮುಂದಿತ್ತು," ಎಂದ ಅವನು. "ಗುರಿ ತಪ್ಪೈತೆ."

"ತಪ್ದೆ ಇನ್ನೇನಾಯ್ತದೆ, ಮೇಷ್ಟ್ರು ಕುರುಡ್ರು!" ಎಂದಳು ಅವಳು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಚೆಲುವಯ್ಯ ಕಣವೆಲ್ಲ ಕೇಳುವ ಹಾಗೆ ನಕ್ಕ. ಅವನು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಅವಳು ಇಳಿಯಲು ಬಾಗಿಲಿಗೆ ಕೈ ಹಾಕಿದ ಸದ್ದು ಅವನಿಗೆ ಕೇಳಿಸಿತು.

"ಇಳೀಬ್ಯಾಡ. ಅವತ್ತು ಇಳ್ದು ಓಡೋಗ್ಬುಟ್ಟೆ. ಹಿಂದುಕ್ ಹೋಗೋದ್ ಕಲ್ತಾಯ್ತು, ಮುಂದುಕ್ ಹೋಗೋದ್ ಇನ್ನೂ ಹೇಳ್ಕೊಟ್ಟಿಲ್ಲ."

ನೆಗ್ಗಿನ ಮೇಲಿಂದ ಅವನ ಕೈ ಮುಂದಕ್ಕೆ ಹೊರಟಿತು. ಹಿಂದಿನ ಬಾಗಿಲು ದಾಟಿ, ಮುಂದಿನ ಬಾಗಿಲ ಹಿಡಿಯನ್ನು ಮುಟ್ಟಿತು. ತಡಕಾಡಲಿಲ್ಲ. ತೆಗೆದು ಒಳಗೆ ಕೂತ.

ಮಕ್ಬೂಲ್ ಕಣ್ಣಿನ ಮೇಲಿಂದ ಕೈ ತೆಗೆದಾಗ ಮೇಟಿಗೆ ಕುಂಕುಮದ ಬಣ್ಣದ ಒಂದು ಗೆರೆ ಹತ್ತಿತ್ತು. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಬಾಲರಾಜು ಆಡಿನ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಕಾರು ಮೊದಲನೇ ಗೇರಿನಲ್ಲಿ, ಹಿಂದೆ ಎತ್ತುಗಳು ಸುತ್ತುತ್ತಿದ್ದ ಹಾಗೆ, ಗರಿಕೆಯನ್ನು ತುಳಿಯುತ್ತಾ ಮೇಟಿಯ ಸುತ್ತ ಮೆಲ್ಲಗೆ ತಿರುಗುತ್ತಿತ್ತು. ಎಡಗಡೆ ಕಿಟಕಿಯಿಂದ ಚೆಲುವಯ್ಯನ ಕೈ ಹೊರಗೆ ಚಾಚಿಕೊಂಡು ಗಾಳಿಯನ್ನು ಸವರುತ್ತಿತ್ತು.